ನ್ಯಾಯಾಲಯದಲ್ಲಿ ಕ್ಷ-ಕಿರಣ ಚಿತ್ರ: ತಜ್ಞ ಸಾಕ್ಷಿಯ ಕೆಲಸವೇನು?

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಕೆಮ್ಮೆಂದು ಆಸ್ಪತ್ರೆಗೆ ಹೋದ ವ್ಯಕ್ತಿಯೊಬ್ಬರ ಎದೆಯ ಎಕ್ಸ್-ರೇ ತೆಗೆಯಲಾಗುತ್ತದೆ. ರೇಡಿಯಾಲಜಿ ತಜ್ಞರು ಅದನ್ನು ನೋಡಿ 'ದೋಷವೇನೂ ಕಾಣುವುದಿಲ್ಲ' ಎಂದು ವರದಿ ಬರೆಯುತ್ತಾರೆ. ಒಂದೂವರೆ ವರ್ಷದ ನಂತರ ಅದೇ ವ್ಯಕ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪತ್ತೆಯಾಗುತ್ತದೆ. ಹಳೆಯ ಚಿತ್ರವನ್ನು ಹುಡುಕಿ ತೆಗೆದು ನೋಡಿದರೆ, ಅದೇ ಜಾಗದಲ್ಲಿ, ಪಕ್ಕೆಲುಬಿನ ನೆರಳಿಗೆ ಅಂಟಿದಂತೆ, ಕಡಲೆಕಾಳಿನಷ್ಟು ದೊಡ್ಡ ಬಿಳಿಚಿದ ಮಚ್ಚೆ! ಕುಟುಂಬದವರು ಪರಿಹಾರ ಕೋರಿ ಮೊಕದ್ದಮೆ ಹೂಡುತ್ತಾರೆ. ನ್ಯಾಯಾಧೀಶರ ಮುಂದಿರುವ ಪ್ರಶ್ನೆ ಇಷ್ಟೆ: ಮೊದಲ ತಜ್ಞರು ನಿರ್ಲಕ್ಷ್ಯ ತೋರಿದರೇ?

ನ್ಯಾಯಾಧೀಶರಿಗೆ ಕಾನೂನು ಗೊತ್ತು, ಕ್ಷ-ಕಿರಣ ಚಿತ್ರ ಓದಲು ಗೊತ್ತಿಲ್ಲ. ಆದ್ದರಿಂದ ಇನ್ನೊಬ್ಬ ರೇಡಿಯಾಲಜಿ ತಜ್ಞರನ್ನು ಕರೆಸಿ ಅಭಿಪ್ರಾಯ ಕೇಳಲಾಗುತ್ತದೆ. ಇವರೇ ತಜ್ಞ ಸಾಕ್ಷಿ. 'ಚಿತ್ರದಲ್ಲಿ ಮಚ್ಚೆ ಇದೆಯೇ ಇಲ್ಲವೇ ಎಂದು ಹೇಳುವುದು ತಾನೇ ಇವರ ಕೆಲಸ?' ಎಂದು ನಿಮಗೆ ಅನ್ನಿಸಬಹುದು. ಅದು ಕೆಲಸದ ಚಿಕ್ಕ ಭಾಗ ಮಾತ್ರ. ದೊಡ್ಡ ಭಾಗ ಯಾವುದು, ಅದು ಏಕೆ ಕಷ್ಟ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇದರಲ್ಲಿ ವೈದ್ಯವಿಜ್ಞಾನ ಎಷ್ಟಿದೆಯೋ ಭೌತವಿಜ್ಞಾನ ಮತ್ತು ಮನೋವಿಜ್ಞಾನಗಳೂ ಅಷ್ಟೇ ಇವೆ.

ಕಟಕಟೆ ಏರಿದ ನೆರಳು

ವಿಲ್‌ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಗುರುತಿಸಿದ್ದು 1895ರ ನವೆಂಬರ್ 8ರಂದು. ಮರುವರ್ಷದ ಡಿಸೆಂಬರ್‌ನಲ್ಲಿಯೇ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಈ ಕಿರಣಗಳ ಚಿತ್ರ ನ್ಯಾಯಾಲಯವನ್ನು ಪ್ರವೇಶಿಸಿತು. ಅದೂ ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಯೇ. ಏಣಿಯಿಂದ ಬಿದ್ದ ಯುವಕನೊಬ್ಬನ ತೊಡೆಮೂಳೆ ಮುರಿದಿದ್ದರೂ ಶಸ್ತ್ರವೈದ್ಯರು ಅದನ್ನು ಗುರುತಿಸಲಿಲ್ಲ ಎಂಬುದು ಆರೋಪ. ಯುವಕನ ವಕೀಲರು ತೊಡೆಯ ಕ್ಷ-ಕಿರಣ ಚಿತ್ರಗಳನ್ನು ಸಾಕ್ಷ್ಯವಾಗಿ ಮುಂದಿಟ್ಟರು. ಎದುರು ಪಕ್ಷ ಆಕ್ಷೇಪಿಸಿತು. ಸಾಮಾನ್ಯ ಛಾಯಾಚಿತ್ರವಾದರೆ 'ನಾನು ಈ ದೃಶ್ಯವನ್ನು ಕಣ್ಣಾರೆ ಕಂಡಿದ್ದೇನೆ, ಚಿತ್ರ ಅದರಂತೆಯೇ ಇದೆ' ಎಂದು ಒಬ್ಬರು ಪ್ರಮಾಣ ಮಾಡಿ ಹೇಳಬಹುದು. ಜೀವಂತ ಮನುಷ್ಯನ ತೊಡೆಯೊಳಗಿನ ಮೂಳೆಯನ್ನು ಕಂಡವರು ಯಾರು? ನ್ಯಾಯಾಧೀಶ ಲೆಫೆವರ್ ಅವರು ಆಕ್ಷೇಪವನ್ನು ತಳ್ಳಿಹಾಕಿ, ವಿಜ್ಞಾನ ಒದಗಿಸಿದ ಹೊಸ ಸಾಧನವನ್ನು ಬಳಸಿಕೊಳ್ಳಲು ಅವಕಾಶ ಕೊಟ್ಟರು.

ಆಕ್ಷೇಪ ಬಿದ್ದುಹೋದರೂ ಅದರಲ್ಲಿದ್ದ ತಿರುಳು ಹೋಗಲಿಲ್ಲ. ಕ್ಷ-ಕಿರಣ ಚಿತ್ರ ತಾನಾಗಿ ಏನನ್ನೂ ಹೇಳುವುದಿಲ್ಲ. ಅದನ್ನು ಯಾರಾದರೂ ಓದಿ ಹೇಳಬೇಕು. ಓದುವವರು ಮನುಷ್ಯರು.

ಕಾನೂನು ಕೇಳುವುದೇನು?

ನಿರ್ಲಕ್ಷ್ಯ ಎಂದರೆ ಬರಿಯ ತಪ್ಪಲ್ಲ. ಇಂಗ್ಲೆಂಡಿನ ಬೋಲಂ ಮೊಕದ್ದಮೆಯಲ್ಲಿ (1957) ರೂಪುಗೊಂಡ ಅಳತೆಗೋಲು ಹೀಗಿದೆ: ವೈದ್ಯರು ಆ ವೃತ್ತಿಯ ಸಾಮಾನ್ಯ ಕುಶಲಿಯಿಂದ ನಿರೀಕ್ಷಿಸಬಹುದಾದ ಎಚ್ಚರ ಮತ್ತು ಕೌಶಲ ತೋರಿದರೇ? ಅತ್ಯಂತ ನಿಪುಣರಾದ ಒಬ್ಬರು ಏನು ಮಾಡುತ್ತಿದ್ದರು ಎಂಬುದು ಇಲ್ಲಿ ಪ್ರಶ್ನೆಯಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು ಜೇಕಬ್ ಮ್ಯಾಥ್ಯೂ ಮೊಕದ್ದಮೆಯ ತೀರ್ಪಿನಲ್ಲಿ (2005) ಈ ಅಳತೆಗೋಲನ್ನು ಒಪ್ಪಿತು. ವೈದ್ಯರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಮುಂದಾಗುವ ಮೊದಲು ತನಿಖಾಧಿಕಾರಿ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು, ಅದೂ ಸಾಧ್ಯವಾದಷ್ಟು ಸರಕಾರಿ ಸೇವೆಯಲ್ಲಿರುವ ವೈದ್ಯರಿಂದ ಪಡೆಯಬೇಕು ಎಂದೂ ಹೇಳಿತು.

ತಜ್ಞರ ಅಭಿಪ್ರಾಯಕ್ಕೆ ನ್ಯಾಯಾಲಯದಲ್ಲಿ ಸ್ಥಾನ ಕೊಟ್ಟದ್ದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೆಯ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿ ಇದು 39ನೆಯ ಕಲಂ ಆಗಿದೆ. ಆದರೆ ತಜ್ಞರು ಹೇಳಿದ್ದೇ ಕೊನೆಯ ಮಾತಲ್ಲ. ರಮೇಶಚಂದ್ರ ಅಗರವಾಲ್ ಮೊಕದ್ದಮೆಯಲ್ಲಿ (2009) ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ತಜ್ಞರು ತಮ್ಮ ತೀರ್ಮಾನವನ್ನಷ್ಟೇ ಅಲ್ಲ, ಅದಕ್ಕೆ ಆಧಾರವಾದ ವಿಷಯಗಳನ್ನೂ ಕಾರಣಗಳನ್ನೂ ಮುಂದಿಡಬೇಕು. ಆಗ ತಜ್ಞರಲ್ಲದ ನ್ಯಾಯಾಧೀಶರೂ ಅವನ್ನು ಪರೀಕ್ಷಿಸಿ ತಾವೇ ತೀರ್ಮಾನಕ್ಕೆ ಬರಬಹುದು. ಉತ್ತರ ಮಾತ್ರ ಬರೆದ ವಿದ್ಯಾರ್ಥಿಗೆ ನಾವು ಪೂರ್ಣ ಅಂಕ ಕೊಡುವುದಿಲ್ಲವಷ್ಟೆ? ಹಾಗೆಯೇ ಇದು.

ಇನ್ನು, ಈ ಕಾರಣಗಳು ಎಲ್ಲಿಂದ ಬರುತ್ತವೆ ಎಂಬುದನ್ನು ನೋಡೋಣ.

ನೆರಳಿನ ಮೇಲೆ ನೆರಳು

ಎದೆಯ ಎಕ್ಸ್-ರೇ ಎಂಬುದು ಮೂರು ಆಯಾಮದ ವಸ್ತುವಿನ ಎರಡು ಆಯಾಮದ ನೆರಳು. ದೇಹವನ್ನು ಹಾದುಬರುವ ಕಿರಣದ ತೀವ್ರತೆ ಘಾತೀಯವಾಗಿ ಕುಗ್ಗುತ್ತದೆ. ರೋಗನಿದಾನಕ್ಕೆ ಬಳಸುವ ಕ್ಷ-ಕಿರಣಗಳ ಶಕ್ತಿಯಲ್ಲಿ, ಅಂದರೆ ಸುಮಾರು 60 ಕಿಲೊ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಮೃದು ಅಂಗಾಂಶದ ಕ್ಷೀಣನಾಂಕ ಸೆಂಟಿಮೀಟರಿಗೆ ಸುಮಾರು 0.2. ಆದ್ದರಿಂದ 1 ಸೆಂ.ಮೀ. ದಪ್ಪದ ಗಂಟು ತನ್ನ ಮೂಲಕ ಹೋಗುವ ಕಿರಣಗಳಲ್ಲಿ ಸುಮಾರು ಶೇಕಡ 18ರಷ್ಟನ್ನು ತಡೆಯುತ್ತದೆ. ಗಂಟು ಅರ್ಧ ಸೆಂ.ಮೀ. ಆದರೆ ಶೇಕಡ 10ಕ್ಕಿಂತ ಕಡಿಮೆ. ಚದರಿದ ಕಿರಣಗಳು ಎಲ್ಲೆಡೆ ಹರಡಿ ಬೀಳುವುದರಿಂದ ಈ ಅಲ್ಪ ವ್ಯತ್ಯಾಸವೂ ಇನ್ನಷ್ಟು ಮಸುಕಾಗುತ್ತದೆ.

ಜೊತೆಗೆ ಗದ್ದಲವಿದೆ. ಇಲ್ಲಿ ಗದ್ದಲವೆಂದರೆ ಶಬ್ದವಲ್ಲ, ಚಿತ್ರದ ಅನಿಯತ ಏರಿಳಿತ. ಚಿತ್ರದ ಒಂದು ಚುಕ್ಕಿಯ ಮೇಲೆ ಸರಾಸರಿ 10,000 ಫೋಟಾನುಗಳು ಬೀಳುವುದಾದರೆ ಏರಿಳಿತ ಅದರ ವರ್ಗಮೂಲ, ಎಂದರೆ ಸುಮಾರು 100. ಸಂಕೇತವು ಗದ್ದಲದ ಸುಮಾರು 5 ಪಟ್ಟು ಇದ್ದರೆ ಮಾತ್ರ ಕಣ್ಣು ಅದನ್ನು ಭರವಸೆಯಿಂದ ಗುರುತಿಸಬಲ್ಲದು ಎಂದು ಆಲ್ಬರ್ಟ್ ರೋಸ್ ಎಂಬ ಭೌತವಿಜ್ಞಾನಿ 1948ರಲ್ಲಿ ತೋರಿಸಿದರು. ಎದೆಯ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅದು ಅಂಗರಚನೆಯದೇ ಗದ್ದಲ. ಪಕ್ಕೆಲುಬು, ರಕ್ತನಾಳ, ಹೃದಯ, ಕೊರಳೆಲುಬು ಇವೆಲ್ಲವುಗಳ ನೆರಳು ಒಂದರ ಮೇಲೊಂದು ಬಿದ್ದಿರುತ್ತವೆ. ರಕ್ತನಾಳವೊಂದನ್ನು ಕಿರಣ ಉದ್ದಕ್ಕೆ ಹಾದುಬಂದರೆ ಅದು ಗುಂಡನೆಯ ಗಂಟಿನಂತೆಯೇ ಕಾಣುತ್ತದೆ. ನಿಜವಾದ ಗಂಟು ಪಕ್ಕೆಲುಬಿನ ನೆರಳಿನಲ್ಲಿ ಅಡಗಿಕೊಳ್ಳಬಹುದು.

ಕಣ್ಣು ನೋಡುತ್ತದೆ, ಕಾಣುವುದಿಲ್ಲ

ಅಮೆರಿಕದಲ್ಲಿ 1940ರ ದಶಕದಲ್ಲಿ, ಕ್ಷಯರೋಗದ ಪತ್ತೆಗೆ ಯಾವ ಬಗೆಯ ಎಕ್ಸ್-ರೇ ಫಿಲ್ಮು ಉತ್ತಮವೆಂದು ತಿಳಿಯಲು ಅಧ್ಯಯನವೊಂದು ನಡೆಯಿತು. ಐವರು ತಜ್ಞರು ಒಂದೇ ಜನರ ಬೇರೆ ಬೇರೆ ಬಗೆಯ ಫಿಲ್ಮುಗಳನ್ನು ಓದಿದರು. 1947ರಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಫಿಲ್ಮು-ಫಿಲ್ಮುಗಳ ನಡುವಿನ ವ್ಯತ್ಯಾಸಕ್ಕಿಂತ ಓದುವವರ ನಡುವಿನ ವ್ಯತ್ಯಾಸವೇ ಹೆಚ್ಚಾಗಿತ್ತು. ಒಬ್ಬರೇ ಎರಡು ಬಾರಿ ಓದಿದಾಗಲೂ ಉತ್ತರ ಬದಲಾಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ರೇಡಿಯಾಲಜಿ ತಜ್ಞ ಹೆನ್ರಿ ಗಾರ್ಲೆಂಡ್ ಅವರು 1949ರಲ್ಲಿ ಇಂಥ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ರೋಗವಿರುವ ಎದೆಚಿತ್ರಗಳಲ್ಲಿ ಸುಮಾರು ಶೇಕಡ 30ರಷ್ಟು ನುರಿತವರ ಕಣ್ಣಿಗೂ ತಪ್ಪಿಹೋಗುತ್ತವೆ ಎಂದು ಬರೆದರು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದು ರೋಗವಿರುವ ಚಿತ್ರಗಳಿಗೆ ಮಾತ್ರ ಸಂಬಂಧಿಸಿದ್ದು. ದಿನನಿತ್ಯ ಬರುವ ಚಿತ್ರಗಳಲ್ಲಿ ಬಹುಪಾಲು ಸಹಜ ಚಿತ್ರಗಳೇ ಆದುದರಿಂದ ಒಟ್ಟಾರೆ ತಪ್ಪಿನ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ.

ತಪ್ಪು ಹೇಗಾಗುತ್ತದೆ? ಹೆರಾಲ್ಡ್ ಕುಂಡೆಲ್ ಮತ್ತು ಕ್ಯಾಲ್ವಿನ್ ನೋಡಿನ್ ಅವರು 1970ರ ದಶಕದಲ್ಲಿ ತಜ್ಞರ ಕಣ್ಣುಗಳ ಚಲನೆಯನ್ನು ಉಪಕರಣದಿಂದ ದಾಖಲಿಸಿ ಮೂರು ಬಗೆಗಳನ್ನು ಗುರುತಿಸಿದರು. ಒಂದು, ನೋಟ ಆ ಜಾಗಕ್ಕೆ ಹೋಗಲೇ ಇಲ್ಲ. ಎರಡು, ನೋಟ ಅಲ್ಲಿಗೆ ಹೋಯಿತು, ಆದರೆ ಮಚ್ಚೆ ಅರಿವಿಗೆ ಬರಲಿಲ್ಲ. ಮೂರು, ಕಣ್ಣು ಅಲ್ಲಿ ಸಾಕಷ್ಟು ಹೊತ್ತು ನಿಂತಿತು, ಆದರೆ 'ಇದು ರಕ್ತನಾಳವಿರಬೇಕು' ಎಂದು ಮನಸ್ಸು ತೀರ್ಮಾನಿಸಿತು.

2013ರಲ್ಲಿ ಪ್ರಕಟವಾದ ಒಂದು ಪ್ರಯೋಗವಂತೂ ಬಹಳ ಸುದ್ದಿಯಾಯಿತು. ಟ್ರಾಫ್ಟನ್ ಡ್ರೂ ಮತ್ತು ಸಂಗಡಿಗರು ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಗೊರಿಲ್ಲಾದ ಆಕೃತಿಯೊಂದನ್ನು ಸೇರಿಸಿ, ಗಂಟುಗಳನ್ನು ಹುಡುಕುವಂತೆ 24 ರೇಡಿಯಾಲಜಿ ತಜ್ಞರಿಗೆ ಹೇಳಿದರು. ಗೊರಿಲ್ಲಾ ಸರಾಸರಿ ಗಂಟಿಗಿಂತ 48 ಪಟ್ಟು ದೊಡ್ಡದಾಗಿತ್ತು. 24 ಜನರಲ್ಲಿ 20 ಮಂದಿ ಅದನ್ನು ಗಮನಿಸಲೇ ಇಲ್ಲ! ಅವರಲ್ಲಿ ಹೆಚ್ಚಿನವರ ನೋಟ ನೇರವಾಗಿ ಗೊರಿಲ್ಲಾದ ಮೇಲೆಯೇ ಹಾದುಹೋಗಿತ್ತು. ಇವರು ಅಜಾಗರೂಕರಲ್ಲ. ಗಂಟು ಹುಡುಕಲು ಮನಸ್ಸನ್ನು ಹದಗೊಳಿಸಿದ್ದರಿಂದಲೇ ಬೇರೆಯದು ತಪ್ಪಿಹೋಯಿತು.

ಎರಡು ಬೇರೆ ಬೇರೆ ಪ್ರಶ್ನೆಗಳು

ಈಗ ಲೇಖನದ ಮುಖ್ಯ ಅಂಶಕ್ಕೆ ಬರೋಣ. 'ಮಚ್ಚೆ ಚಿತ್ರದಲ್ಲಿ ಇದೆಯೇ?' ಎಂಬುದು ಒಂದು ಪ್ರಶ್ನೆ. 'ಅಂದು, ಆ ಸ್ಥಿತಿಯಲ್ಲಿ, ಎಚ್ಚರದಿಂದ ನೋಡಿದ ಸಾಮಾನ್ಯ ತಜ್ಞರಿಗೆ ಅದು ಕಾಣಬೇಕಿತ್ತೇ?' ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ 'ಹೌದು' ಎಂಬ ಉತ್ತರ ಬಂದ ಮಾತ್ರಕ್ಕೆ ಎರಡನೆಯದಕ್ಕೂ 'ಹೌದು' ಎನ್ನುವಂತಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್‌ನ ಅಧ್ಯಯನವೊಂದನ್ನು ನೋಡಿ. ಅಲ್ಲಿ ನಾಲ್ಕು ತಿಂಗಳಿಗೊಮ್ಮೆ ಎದೆಯ ಎಕ್ಸ್-ರೇ ತೆಗೆದು ಶ್ವಾಸಕೋಶದ ಕ್ಯಾನ್ಸರಿಗಾಗಿಯೇ ಹುಡುಕಲಾಗುತ್ತಿತ್ತು. 1983ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶ್ವಾಸಕೋಶದ ಅಂಚಿನ ಭಾಗದಲ್ಲಿ ಪತ್ತೆಯಾದ ಕ್ಯಾನ್ಸರ್‌ಗಳಲ್ಲಿ ಶೇಕಡ 90ರಷ್ಟು ಹಿಂದಿನ ಚಿತ್ರಗಳಲ್ಲಿಯೂ ಇದ್ದುವು. ಅವು ಗೋಚರವಾದದ್ದು ಜಾಗ ತಿಳಿದ ಮೇಲೆ ಹಿಂತಿರುಗಿ ನೋಡಿದಾಗ. ಕ್ಯಾನ್ಸರ್ ಹುಡುಕುವುದೇ ಕೆಲಸವಾಗಿದ್ದ ನುರಿತವರ ಅನುಭವವೇ ಹೀಗಾದರೆ, 'ಈಗ ಕಾಣುತ್ತಿದೆ, ಆದ್ದರಿಂದ ಆಗ ನಿರ್ಲಕ್ಷ್ಯವಾಗಿತ್ತು' ಎಂಬ ವಾದ ನಿಲ್ಲುವುದಿಲ್ಲ.

ಫಲಿತಾಂಶ ತಿಳಿದ ಮೇಲೆ 'ಇದು ಮೊದಲೇ ಗೊತ್ತಾಗಬೇಕಿತ್ತು' ಎನ್ನಿಸುವುದು ಮನುಷ್ಯ ಸಹಜ ಗುಣ. ಮನೋವಿಜ್ಞಾನಿ ಬರೂಕ್ ಫಿಶಾಫ್ ಅವರು 1975ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಇದಕ್ಕೆ ಹಿನ್ನೋಟದ ಪಕ್ಷಪಾತವೆಂದು ಹೆಸರು. ತಜ್ಞ ಸಾಕ್ಷಿಯೂ ಇದಕ್ಕೆ ಹೊರತಲ್ಲ. ವಕೀಲರು ಮೊದಲೇ ಕ್ಯಾನ್ಸರಿನ ಕಥೆ ಹೇಳಿ, ಆಮೇಲೆ ಹಳೆಯ ಚಿತ್ರ ತೋರಿಸಿದರೆ ಅವರ ಕಣ್ಣು ನೇರ ಮಚ್ಚೆಗೇ ಹೋಗುತ್ತದೆ.

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1999ರಲ್ಲಿ ಇಂಥದೇ ಸಮಸ್ಯೆಯನ್ನು ಎದುರಿಸಿತು. ಅಲ್ಲಿದ್ದುದು ಕ್ಷ-ಕಿರಣ ಚಿತ್ರವಲ್ಲ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗಾಗಿ ತೆಗೆದ ಜೀವಕೋಶಗಳ ಗಾಜುಪಟ್ಟಿ. ಚಿತ್ರ ಓದುವ ಎಲ್ಲ ಕೆಲಸಕ್ಕೂ ಅದರ ವಿಚಾರಕ್ರಮ ಅನ್ವಯಿಸುತ್ತದೆ. ನ್ಯಾಯಾಲಯ ಮೂರು ಪ್ರಶ್ನೆಗಳನ್ನು ಬೇರ್ಪಡಿಸಿತು. ಪಟ್ಟಿಯ ಮೇಲೆ ಏನಿತ್ತು? ಸಮಂಜಸ ಎಚ್ಚರ ವಹಿಸಿದ ಪರೀಕ್ಷಕರಿಗೆ ಅದು ಕಾಣದೆ ಹೋಗಬಹುದಿತ್ತೇ? ಕಂಡಿದ್ದರೆ, ಅದನ್ನು 'ದೋಷವಿಲ್ಲ' ಎಂದು ವರ್ಗೀಕರಿಸಬಹುದಿತ್ತೇ? ಕುಂಡೆಲ್ ಮತ್ತು ನೋಡಿನ್ ಅವರ ವಿಂಗಡಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರಯೋಗಶಾಲೆ ಮತ್ತು ನ್ಯಾಯಾಲಯ ಬೇರೆ ಬೇರೆ ದಾರಿಯಲ್ಲಿ ನಡೆದು ಕಾಣುವುದು, ತೀರ್ಮಾನಿಸುವುದು ಬೇರೆ ಬೇರೆ ಎಂಬ ಒಂದೇ ತಿಳಿವಿಗೆ ಬಂದಿವೆ.

ಹೊಸ್ತಿಲನ್ನು ಎಲ್ಲಿಡಬೇಕು?

'ಹಾಗಾದರೆ ಸ್ವಲ್ಪ ಅನುಮಾನ ಬಂದರೂ ರೋಗವೆಂದೇ ಬರೆಯಲಿ' ಎನ್ನಬಹುದು. ಲೆಕ್ಕ ಹಾಕೋಣ. 1,000 ಚಿತ್ರಗಳಲ್ಲಿ 10ರಲ್ಲಿ ಮಾತ್ರ ನಿಜವಾದ ಗಂಟು ಇದೆಯೆಂದಿಟ್ಟುಕೊಳ್ಳಿ. ಓದುಗರೊಬ್ಬರು ಗಟ್ಟಿ ಅನುಮಾನ ಬಂದಾಗ ಮಾತ್ರ ಗಂಟೆಂದು ಬರೆದು 7ನ್ನು ಹಿಡಿಯುತ್ತಾರೆ. ಗಂಟಿಲ್ಲದ 990ರಲ್ಲಿ 20ಕ್ಕೆ ಹುಸಿ ಎಚ್ಚರಿಕೆ ಕೊಡುತ್ತಾರೆ. ಅದೇ ಕಣ್ಣು, ಅದೇ ಕೌಶಲ, ಆದರೆ ಅನುಮಾನದ ಹೊಸ್ತಿಲನ್ನು ತಗ್ಗಿಸಿ 9ನ್ನು ಹಿಡಿಯಬೇಕೆಂದರೆ ಹುಸಿ ಎಚ್ಚರಿಕೆಗಳು ಸುಮಾರು 95ಕ್ಕೆ ಏರುತ್ತವೆ. ಎರಡು ಗಂಟುಗಳು ಹೆಚ್ಚು ಸಿಕ್ಕವು. 75 ಆರೋಗ್ಯವಂತರು ಹೆಚ್ಚಾಗಿ ಆತಂಕಕ್ಕೆ, ಮರುಪರೀಕ್ಷೆಗೆ, ಕೆಲವರು ಸೂಜಿ ಚುಚ್ಚಿಸಿಕೊಳ್ಳುವ ಪರೀಕ್ಷೆಗೂ ಒಳಗಾದರು. ರೇಡಾರ್ ಸಂಕೇತಗಳ ಪತ್ತೆಗಾಗಿ ಬೆಳೆದ ಈ ಬಗೆಯ ವಿಶ್ಲೇಷಣೆಯನ್ನು 1960ರ ಸುಮಾರಿಗೆ ರೇಡಿಯಾಲಜಿಗೆ ತಂದವರು ಲೀ ಲಸ್ಟೆಡ್.

ಪ್ರತಿಯೊಂದು ತಪ್ಪುನೋಟವನ್ನೂ ನಿರ್ಲಕ್ಷ್ಯವೆಂದು ದಂಡಿಸಿದರೆ ಹೊಸ್ತಿಲು ತಗ್ಗುತ್ತದೆ, ಅದರ ಬೆಲೆಯನ್ನು ಬೇರೆ ರೋಗಿಗಳು ತೆರುತ್ತಾರೆ. ಪ್ರತಿಯೊಂದನ್ನೂ ಕ್ಷಮಿಸಿದರೆ ಅಜಾಗರೂಕತೆ ಬೆಳೆಯುತ್ತದೆ, ಅದರ ಬೆಲೆಯನ್ನೂ ರೋಗಿಗಳೇ ತೆರುತ್ತಾರೆ. ತಜ್ಞ ಸಾಕ್ಷಿಯ ಮಾತಿಗೆ ಇಷ್ಟು ತೂಕ ಬರುವುದು ಇದರಿಂದ.

ಸಾಕ್ಷಿ ಯಾರ ಕಡೆಯವರು?

ಸಾಕ್ಷಿಯ ಕಣ್ಣು ಕೂಡ ಹೊಸ್ತಿಲಿರುವ ಕಣ್ಣೇ. ಅಮೆರಿಕದಲ್ಲಿ ಆಸ್ಬೆಸ್ಟಾಸ್ ಧೂಳಿನಿಂದ ಶ್ವಾಸಕೋಶ ಕೆಟ್ಟಿದೆಯೆಂದು ಪರಿಹಾರ ಕೇಳಿದವರ 492 ಎದೆಚಿತ್ರಗಳನ್ನು ಸಂಶೋಧಕರು ಮರುಓದಿಗೆ ಒಳಪಡಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವು ವೈದ್ಯರ ಮೇಲಿನ ಮೊಕದ್ದಮೆಗಳಲ್ಲ, ಆದರೆ ಸಾಕ್ಷಿಗಳು ಅದೇ ಬಗೆಯ ಚಿತ್ರತಜ್ಞರು. ಪರಿಹಾರ ಕೇಳಿದವರ ವಕೀಲರು ನೇಮಿಸಿದ್ದ ಓದುಗರು ಶೇಕಡ 95.9ರಷ್ಟು ಚಿತ್ರಗಳಲ್ಲಿ ದೋಷ ಕಂಡಿದ್ದರು. ಚಿತ್ರಗಳು ಎಲ್ಲಿಂದ ಬಂದವೆಂದು ತಿಳಿಯದ ಆರು ಮಂದಿ ಸ್ವತಂತ್ರ ಓದುಗರಿಗೆ ಕಂಡದ್ದು ಶೇಕಡ 4.5ರಲ್ಲಿ! ಫಿಲ್ಮು ಅದೇ, ಅರ್ಹತೆಯೂ ಅದೇ. ಬೇರೆಯಾಗಿದ್ದುದು ಓದಿದ ಸಂದರ್ಭ. ಮರುವರ್ಷ, 2005ರಲ್ಲಿ, ಟೆಕ್ಸಸ್ಸಿನ ನ್ಯಾಯಾಧೀಶೆ ಜಾನಿಸ್ ಜ್ಯಾಕ್ ಅವರು ಸಿಲಿಕಾ ಧೂಳಿನ ರೋಗಕ್ಕೆ ಸಂಬಂಧಿಸಿದ ಸುಮಾರು 10,000 ಹಕ್ಕುಸಾಧನೆಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಆಸ್ಬೆಸ್ಟಾಸ್ ರೋಗದ ಹೆಸರಿನಲ್ಲೂ ಹಕ್ಕು ಸಾಧಿಸಿದ್ದರೆಂದು ಬೆಳಕಿಗೆ ಬಂತು. ಆ ರೋಗನಿದಾನಗಳನ್ನು ಅವರು ಕಟುವಾಗಿ ಟೀಕಿಸಿದರು.

ವೈದ್ಯರ ಪರವಾಗಿ ಬರುವ ಸಾಕ್ಷಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. 'ಇಂಥದು ಎಲ್ಲರಿಗೂ ತಪ್ಪುತ್ತದೆ' ಎಂಬ ಮಾತಿಗೂ ಆಧಾರ ಬೇಕು. ಇಂಗ್ಲೆಂಡಿನ ಬೊಲಿಥೊ ಮೊಕದ್ದಮೆಯಲ್ಲಿ (1997) ನ್ಯಾಯಾಲಯ ಹೇಳಿದ್ದು ಇದನ್ನೇ: ವೃತ್ತಿಬಾಂಧವರು ಬೆಂಬಲಿಸಿದರೆಂದು ಮಾತ್ರಕ್ಕೆ ಸಾಲದು, ಅಭಿಪ್ರಾಯ ತರ್ಕದ ಪರೀಕ್ಷೆಯಲ್ಲಿ ನಿಲ್ಲಬೇಕು.

ಒಳ್ಳೆಯ ಸಾಕ್ಷ್ಯ ಹೇಗಿರಬೇಕು?

ವಿಜ್ಞಾನದ ಉತ್ತರ ನಮಗೆಲ್ಲ ಪರಿಚಿತವಾದದ್ದೇ: ಕುರುಡು ಪರೀಕ್ಷೆ. ವಿವಾದದ ಚಿತ್ರವನ್ನು ಬೇರೆ ಹತ್ತಾರು ಚಿತ್ರಗಳ ನಡುವೆ ಬೆರೆಸಿ, ಯಾವ ಪಕ್ಷದವರದು, ರೋಗಿಗೆ ಮುಂದೇನಾಯಿತು ಎಂಬುದನ್ನು ತಿಳಿಸದೆ ಹಲವು ತಜ್ಞರಿಗೆ ಕೊಡಬೇಕು. ಮೊದಲ ತಜ್ಞರಿಗೆ ದೊರೆತ ಮಾಹಿತಿಯನ್ನಷ್ಟೇ ಇವರಿಗೂ ಒದಗಿಸಬೇಕು. ಹತ್ತರಲ್ಲಿ ಒಂಬತ್ತು ಮಂದಿ ಮಚ್ಚೆಯನ್ನು ಗುರುತಿಸಿದರೆ ಅದು ಒಂದು ಮಾತು. ಇಬ್ಬರು ಗುರುತಿಸಿದರೆ ಬೇರೆಯೇ ಮಾತು. ಚಿತ್ರವನ್ನು ನೋಡುವ ಪರದೆಯೂ ಮುಖ್ಯ. ಇಂದು ಹೆಚ್ಚಿನ ಚಿತ್ರಗಳು ಡಿಜಿಟಲ್ ರೂಪದಲ್ಲಿವೆ. ಬೆಳಕು, ಗಾತ್ರ, ವ್ಯತಿರೇಕಗಳನ್ನು ಬದಲಾಯಿಸಿ ಮಚ್ಚೆಯನ್ನು ಎದ್ದು ಕಾಣುವಂತೆಯೂ ಮಾಡಬಹುದು, ಮರೆಯಾಗುವಂತೆಯೂ ಮಾಡಬಹುದು. ನ್ಯಾಯಾಲಯದಲ್ಲಿ ಬಾಣದ ಗುರುತು ಹಾಕಿ ಹಿಗ್ಗಿಸಿ ತೋರಿಸುವ ಚಿತ್ರ ಅಂದು ಮೊದಲ ತಜ್ಞರು ನೋಡಿದ ಚಿತ್ರವಲ್ಲ.

ಇದರಿಂದ ಎಲ್ಲ ತಪ್ಪುಗಳೂ ಕ್ಷಮ್ಯವೆಂದು ತಿಳಿಯಬೇಡಿ. ಎಡಗಾಲಿನ ಚಿತ್ರಕ್ಕೆ ಬಲಗಾಲೆಂದು ಬರೆಯುವುದು, ಹಿಂದಿನ ಚಿತ್ರ ಕೈಗೆ ಸಿಗುವಂತಿದ್ದರೂ ಹೋಲಿಸದಿರುವುದು, ಚಿತ್ರ ಅಸ್ಪಷ್ಟವಾಗಿದ್ದರೂ ಮತ್ತೊಂದನ್ನು ತೆಗೆಸದಿರುವುದು, ಗಂಭೀರ ರೋಗ ಕಂಡರೂ ಚಿಕಿತ್ಸೆ ಮಾಡುವ ವೈದ್ಯರಿಗೆ ತಿಳಿಸದಿರುವುದು ಇವು ಕಣ್ಣಿನ ಮಿತಿಗಳಲ್ಲ. ಇಲ್ಲಿ ಹಿನ್ನೋಟದ ಪಕ್ಷಪಾತದ ನೆಪ ಸಲ್ಲದು. ಸ್ವಯಂಸ್ಪಷ್ಟವಾದ ತಪ್ಪಿಗೆ ತಜ್ಞ ಸಾಕ್ಷಿಯೇ ಬೇಕಿಲ್ಲ. ಮಲೇರಿಯಾ ಬಂದವರಿಗೆ ಟೈಫಾಯಿಡ್ ಚಿಕಿತ್ಸೆ ಕೊಟ್ಟ ಪ್ರಕರಣವೊಂದರಲ್ಲಿ, ಪ್ರತಿಯೊಂದು ದೂರಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ (ಕಿಶನ್ ರಾವ್ ಮೊಕದ್ದಮೆ) ತೀರ್ಪಿತ್ತಿತು.

ತರಗತಿಯಲ್ಲಿ ಮಾಡಿ ನೋಡಿ

ಉಪಾಧ್ಯಾಯರು ಇದನ್ನು ಕ್ಷ-ಕಿರಣವಿಲ್ಲದೆಯೇ ತೋರಿಸಬಹುದು. ಒಂದು ಪುಟದ ಪಾಠವನ್ನು ಬೆರಳಚ್ಚು ಮಾಡಿಸಿ, ಒಂಬತ್ತನೆಯ ಸಾಲಿನ ಯಾವುದಾದರೂ ಪದದಲ್ಲಿ ಒಂದು ಅಕ್ಷರ ತಪ್ಪಾಗಿರಲಿ. ತರಗತಿಯನ್ನು ಎರಡು ಗುಂಪು ಮಾಡಿ. ಮೊದಲ ಗುಂಪಿಗೆ ಪುಟದಲ್ಲಿ 'ಕ' ಅಕ್ಷರ ಎಷ್ಟು ಬಾರಿ ಬಂದಿದೆಯೆಂದು ಎರಡು ನಿಮಿಷದಲ್ಲಿ ಎಣಿಸಲು ಹೇಳಿ. ಕೊನೆಯಲ್ಲಿ ಅಚ್ಚಿನ ತಪ್ಪು ಏನಾದರೂ ಕಂಡಿತೇ ಎಂದು ಬರೆಸಿಕೊಳ್ಳಿ. ಎರಡನೆಯ ಗುಂಪಿಗೆ ತಪ್ಪು ಎಲ್ಲಿದೆಯೆಂದು ಮೊದಲೇ ತೋರಿಸಿ, 'ಮೊದಲ ಗುಂಪಿನಲ್ಲಿ ಎಷ್ಟು ಮಂದಿ ಇದನ್ನು ಕಂಡಿರಬಹುದು?' ಎಂದು ಊಹಿಸಿ ಬರೆಯಲು ಹೇಳಿ. ಊಹೆಯನ್ನು ನಿಜವಾದ ಸಂಖ್ಯೆಯೊಂದಿಗೆ ಹೋಲಿಸಿ. ಮೊದಲ ಗುಂಪು ಚಿತ್ರ ಓದಿದ ತಜ್ಞರಾದರೆ, ಎರಡನೆಯ ಗುಂಪು ಕಥೆ ತಿಳಿದ ಸಾಕ್ಷಿ. ಊಹೆಗೂ ಎಣಿಕೆಗೂ ಇರುವ ಅಂತರವೇ ಹಿನ್ನೋಟದ ಪಕ್ಷಪಾತದ ಅಳತೆ.

ಅಳತೆಯಲ್ಲಿ ದೋಷ ಎಷ್ಟಿರಬಹುದೆಂದು ಹೇಳದಿದ್ದರೆ ಅಳತೆ ಅಪೂರ್ಣ ಎಂದು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಚಿತ್ರ ಓದುವುದೂ ಒಂದು ಅಳತೆ, ಅಲ್ಲಿ ಉಪಕರಣ ಮನುಷ್ಯನ ಕಣ್ಣು ಮತ್ತು ಮನಸ್ಸು. 'ಮಚ್ಚೆ ಇಲ್ಲಿದೆ' ಎಂದಷ್ಟೇ ಹೇಳುವ ತಜ್ಞ ಸಾಕ್ಷಿ ಅರ್ಧ ಉತ್ತರ ಕೊಟ್ಟಂತೆ. 'ಕಾರಣ ತಿಳಿಯದ ಎಷ್ಟು ಜನರಿಗೆ ಇದು ಕಾಣುತ್ತಿತ್ತು, ನನ್ನ ಓದಿನಲ್ಲಿ ಎಷ್ಟು ತಪ್ಪಿರಬಹುದು' ಎಂಬುದನ್ನೂ ಹೇಳಿದರೆ ಉತ್ತರ ಪೂರ್ತಿಯಾಗುತ್ತದೆ. ನೊಂದ ರೋಗಿಗೂ, ಆರೋಪ ಹೊತ್ತ ವೈದ್ಯರಿಗೂ ನ್ಯಾಯ ಸಿಗಬೇಕಾದರೆ ಆ ಪೂರ್ತಿ ಉತ್ತರವೇ ಬೇಕು.